ಮೀನು, ಗಿಡ ಮತ್ತು ಹರಾಜು: ಹವ್ಯಾಸಿ ಸಂಘವೊಂದು ಹಣ ಕೂಡಿಸುವ ಬಗೆ

ಹರಾಜು ಎಂದೊಡನೆ ನಮ್ಮಲ್ಲಿ ಒಬ್ಬೊಬ್ಬರ ಕಣ್ಣಮುಂದೆ ಒಂದೊಂದು ಚಿತ್ರ ಬರುತ್ತದೆ. ಒಬ್ಬರಿಗೆ ಬ್ಯಾಂಕಿನವರು ಅಡವಿನ ಒಡವೆಗಳನ್ನು ಹರಾಜು ಹಾಕುವ ಪತ್ರಿಕಾ ಪ್ರಕಟಣೆ. ಮತ್ತೊಬ್ಬರಿಗೆ ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಮುಂದೆ ನಡೆಯುವ ಸವಾಲು. ಹರಕೆಗೆ ಬಂದ ಬಾಳೆಗೊನೆ, ತೆಂಗಿನಕಾಯಿಗಳನ್ನು ಅಲ್ಲಿ ಕೂಗಿ ಮಾರುತ್ತಾರೆ. ಪೇಟೆಯಲ್ಲಿ 300 ರೂಪಾಯಿಗೆ ಸಿಗುವ ಗೊನೆ 3,000ಕ್ಕೆ ಹೋದರೂ ಯಾರೂ ಹುಬ್ಬೇರಿಸುವುದಿಲ್ಲ. ಕೊಂಡವರು ಗೊನೆಯ ಜೊತೆಗೆ 2,700 ರೂಪಾಯಿ ಕಾಣಿಕೆಯನ್ನೂ ಸಲ್ಲಿಸಿದರೆಂದೇ ಊರು ತಿಳಿಯುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜು ಬೇರೆ ಬಗೆಯದು. ಅಲ್ಲಿ ಕಾಣಿಕೆಯ ಮಾತಿಲ್ಲ, ಅವಸರವಿದೆ. ಗೂಡಿನೊಳಗೆ ಜೀವವಿದೆ, ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡುವ ಮುನ್ನ ಸರಕು ಕೈಬದಲಾಗಬೇಕು.

ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿರುವ ಹರಾಜಿನಲ್ಲಿ ಈ ಎರಡೂ ಗುಣಗಳು ಕೂಡಿಕೊಂಡಿವೆ. ಅದು ಅಮೆರಿಕದ ಅಕ್ವೇರಿಯಂ ಹವ್ಯಾಸಿಗಳ ಸಂಘಗಳು ವರ್ಷಕ್ಕೆ ಒಂದೆರಡು ಬಾರಿ ನಡೆಸುವ ಮೀನು ಮತ್ತು ಜಲಸಸ್ಯಗಳ ಹರಾಜು. ಸಂಘಕ್ಕೆ ಹಣ ಕೂಡಿಸುವುದು ಅದರ ಉದ್ದೇಶ. ಆದರೆ ಮಾರಾಟವಾಗುವುದು ಪ್ಲಾಸ್ಟಿಕ್ ಚೀಲದಲ್ಲಿ ಉಸಿರಾಡುತ್ತಿರುವ ಜೀವ. ಮೀನು ಸಾಕುವವರು ನಮ್ಮಲ್ಲೂ ಕಡಿಮೆಯಿಲ್ಲ. ಆ ಹರಾಜಿನ ಮೇಜುಗಳ ಮೇಲೆ ನಮ್ಮ ನಾಡಿನ ಮೀನು, ಗಿಡಗಳೂ ಕಾಣಿಸಿಕೊಳ್ಳುತ್ತವೆ. ಅಂಥ ಹರಾಜನ್ನು ಹೇಗೆ ನಡೆಸುತ್ತಾರೆ, ಅದರ ಒಂದೊಂದು ನಿಯಮದ ಹಿಂದೆ ಯಾವ ಕಾರಣವಿದೆ ಎಂಬುದನ್ನು ನೋಡೋಣ.

ಈ ಸಂಘಗಳಿಗೆ ಶತಮಾನದ ಚರಿತ್ರೆಯಿದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಅಕ್ವೇರಿಯಂ ಸೊಸೈಟಿ 1911ರಲ್ಲಿ, ಬಾಸ್ಟನ್ ನಗರದ ಸಂಘ 1916ರಲ್ಲಿ ಆರಂಭವಾದವು. ತಿಂಗಳಿಗೊಮ್ಮೆ ಸಭೆ, ಒಂದು ಉಪನ್ಯಾಸ, ಒಂದಿಷ್ಟು ಕಾಫಿ, ಬೇಕಾದಷ್ಟು ಹರಟೆ. ಇದು ಸಾಮಾನ್ಯ ಕಾರ್ಯಕ್ರಮ. ಸದಸ್ಯತ್ವದ ಶುಲ್ಕ ಅಲ್ಪ. ಸಭಾಂಗಣದ ಬಾಡಿಗೆ, ದೂರದಿಂದ ಬರುವ ಉಪನ್ಯಾಸಕರ ಪ್ರಯಾಣದ ಖರ್ಚು, ಸಂಘದ ಪತ್ರಿಕೆ ಇವೆಲ್ಲ ಆ ಶುಲ್ಕದಲ್ಲಿ ಪೂರೈಸುವುದಿಲ್ಲ. ಹರಾಜಿನ ಹಣದಿಂದಲೇ ವರ್ಷ ಕಳೆಯುವ ಸಂಘಗಳು ಬಹಳ. ಕೆಲವರು ಇನ್ನೂ ಮುಂದೆ ಹೋಗಿದ್ದಾರೆ. ಅಮೆರಿಕನ್ ಸಿಕ್ಲಿಡ್ ಅಸೋಸಿಯೇಷನ್ ಎಂಬ ರಾಷ್ಟ್ರಮಟ್ಟದ ಸಂಘ, ನ್ಯೂಯಾರ್ಕ್ ಅಕ್ವೇರಿಯಂನಲ್ಲಿ ಕೆಲಸ ಮಾಡಿದ ಮತ್ಸ್ಯತಜ್ಞ ಪಾಲ್ ಲೊಯ್ಸೆಲ್ ಅವರ ಹೆಸರಿನಲ್ಲಿ ಒಂದು ಸಂರಕ್ಷಣಾ ನಿಧಿಯನ್ನೇ ಇಟ್ಟುಕೊಂಡಿದೆ.

ಮಾರಲು ಮೀನು ಎಲ್ಲಿಂದ ಬರುತ್ತದೆ? ಅಂಗಡಿಯಿಂದಲ್ಲ, ಸದಸ್ಯರ ಮನೆಯಿಂದ. ಹೆಣ್ಣು ಗಪ್ಪಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಏಂಜಲ್ ಮೀನಿನ ಜೋಡಿಯೊಂದು ಒಂದೇ ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ. ಹಿತ್ತಲಿನಲ್ಲಿ ಬಸಳೆ ಹೆಚ್ಚಾದರೆ ಅಕ್ಕಪಕ್ಕದವರಿಗೆ ಹಂಚಬಹುದು. 200 ಏಂಜಲ್ ಮರಿಗಳನ್ನು ಯಾವ ನೆರೆಮನೆಯವರು ತೆಗೆದುಕೊಳ್ಳುತ್ತಾರೆ? ಗಿಡಗಳದ್ದೂ ಇದೇ ಕಥೆ. ಕತ್ತರಿಸಿದಷ್ಟೂ ಚಿಗುರುವ ಜಾವಾ ಮಾಸ್, ಬೇರಿನ ಪಕ್ಕದಲ್ಲೇ ಮರಿಗಿಡ ಹಾಕುವ ಕ್ರಿಪ್ಟೊಕೊರೈನ್ ತೊಟ್ಟಿಯನ್ನೇ ನುಂಗಿಬಿಡುತ್ತವೆ. ಹೆಚ್ಚಾದದ್ದನ್ನು ಹರಾಜಿಗೆ ತಂದರೆ ಮಾರಿದವರಿಗೆ ತೊಟ್ಟಿ ಖಾಲಿಯಾಗುತ್ತದೆ, ಕೊಂಡವರಿಗೆ ತಮ್ಮ ಊರಿನ ನೀರಿಗೆ ಹೊಂದಿಕೊಂಡ ಮೀನು ಅಗ್ಗವಾಗಿ ಸಿಗುತ್ತದೆ, ನಡುವೆ ಸಂಘಕ್ಕೂ ಪಾಲು ಉಳಿಯುತ್ತದೆ. ಅನೇಕ ಸಂಘಗಳಲ್ಲಿ ಮರಿ ಮಾಡಿಸಿದವರಿಗೆ ಅಂಕ, ಪ್ರಶಸ್ತಿ ಕೊಡುವ ಯೋಜನೆಯಿದೆ. ಅಂಕ ಬೇಕಾದರೆ ಮರಿಗಳಲ್ಲಿ ಒಂದು ಚೀಲವನ್ನು ಸಂಘಕ್ಕೆ ದಾನವಾಗಿ ಕೊಡಬೇಕು. ಜಾಣತನದ ನಿಯಮ, ಹರಾಜಿಗೆ ಸರಕು ತಾನಾಗಿ ಬರುತ್ತದೆ.

ಚೀಲದೊಳಗಿನ ಲೆಕ್ಕ

ಇಂಥ ಹರಾಜನ್ನು ನಡೆಸುವವರು ಮೊದಲು ತಿಳಿಯಬೇಕಾದದ್ದು ಸಭಾಂಗಣದ ವಿಷಯವೂ ಅಲ್ಲ, ಹಣದ ವಿಷಯವೂ ಅಲ್ಲ. ಮೀನು ಚೀಲದಲ್ಲಿ ಎಷ್ಟು ಹೊತ್ತು ಕ್ಷೇಮವಾಗಿರುತ್ತದೆ ಎಂಬುದು. ಬೆಳಿಗ್ಗೆ 7 ಗಂಟೆಗೆ ಮನೆಯಲ್ಲಿ ಕಟ್ಟಿದ ಚೀಲ ಸಂಜೆ 5ಕ್ಕೆ ಮಾರಾಟವಾಗಿ, ರಾತ್ರಿ 8ಕ್ಕೆ ಇನ್ನೊಂದು ಊರಿನ ತೊಟ್ಟಿ ಸೇರಬಹುದು. ಹದಿಮೂರು ಗಂಟೆ ಆ ಮೀನಿಗೆ ಚೀಲವೇ ಪ್ರಪಂಚ.

ಚೀಲದ ತುಂಬ ನೀರಿದ್ದರೆ ಮೀನಿಗೆ ಒಳ್ಳೆಯದೆಂದು ಹೊಸಬರು ಭಾವಿಸುತ್ತಾರೆ. ವಾಸ್ತವ ಇದಕ್ಕೆ ವಿರುದ್ಧ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಹೀರಿಕೊಂಡು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಅದೇ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಇರುತ್ತದೆ. ಮೂರು ಲೀಟರ್ ಹಿಡಿಸುವ ಚೀಲವನ್ನು ಪೂರ್ತಿ ನೀರಿನಿಂದ ತುಂಬಿದರೆ ಮೀನಿನ ಪಾಲಿಗೆ ಬರುವುದು 24 ಮಿಲಿಗ್ರಾಂ. ಒಂದು ಪಾಲು ನೀರು ಹಾಕಿ ಎರಡು ಪಾಲು ಗಾಳಿ ಬಿಟ್ಟರೆ 540 ಮಿಲಿಗ್ರಾಂಗಿಂತ ಹೆಚ್ಚು. ಮೀನು ನೀರಿನ ಆಮ್ಲಜನಕವನ್ನು ಬಳಸಿದಂತೆಲ್ಲ ಮೇಲಿನ ಗಾಳಿಯಿಂದ ಮತ್ತೆ ನೀರಿಗೆ ಇಳಿಯುತ್ತದೆ. ಒಂದಕ್ಕೆ ಎರಡು ಎಂಬ ಸಂಘಗಳ ನಿಯಮ ಹುಟ್ಟಿದ್ದು ಈ ಲೆಕ್ಕದಿಂದ. ಚೀಲವನ್ನು ಪೆಟ್ಟಿಗೆಯಲ್ಲಿ ಅಡ್ಡ ಮಲಗಿಸಿದರೆ ಗಾಳಿ ಮುಟ್ಟುವ ನೀರಿನ ಮೇಲ್ಮೈ ಹಿಗ್ಗಿ ಇನ್ನೂ ಅನುಕೂಲ.

ಆಮ್ಲಜನಕ ಒಂದು ಬದಿಯಾದರೆ, ಕಲ್ಮಶ ಮತ್ತೊಂದು ಬದಿ. ಮೀನು ತನ್ನ ದೇಹದ ಸಾರಜನಕದ ಕಸವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತೊಟ್ಟಿಯಲ್ಲಾದರೆ ಅದನ್ನು ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿವೆ. ಚೀಲದಲ್ಲಿ ಅಂಥ ಏರ್ಪಾಡಿಲ್ಲ. ಆದ್ದರಿಂದ ಚೀಲಕ್ಕೆ ಹಾಕುವ ಒಂದೆರಡು ದಿನ ಮೊದಲೇ ಆಹಾರ ನಿಲ್ಲಿಸಬೇಕು. ಉಪವಾಸ ಹಾಕುವುದು ಕ್ರೌರ್ಯವೆಂದು ಕೆಲವರಿಗೆ ಅನ್ನಿಸಬಹುದು. ಹೊಟ್ಟೆ ತುಂಬಿದ ಮೀನು ತನ್ನ ಕಸದಲ್ಲೇ ಮುಳುಗುವುದು ಅದಕ್ಕಿಂತ ದೊಡ್ಡ ಕ್ರೌರ್ಯ. ದೊಡ್ಡ ಮೀನು ಐದಾರನ್ನು ಒಂದೇ ಚೀಲಕ್ಕೆ ತುರುಕಿ ತರುವವರನ್ನು ನೋಂದಣಿ ಮೇಜಿನಲ್ಲೇ ತಡೆಯಬೇಕು. ಇದರಲ್ಲಿ ದಾಕ್ಷಿಣ್ಯ ಸಲ್ಲದು.

ಚೀಲ ಕಟ್ಟುವುದೂ ಒಂದು ಕಲೆ. ಸಾಮಾನ್ಯ ಚೀಲದ ತಳದ ಎರಡು ಮೂಲೆಗಳಲ್ಲಿ ಸಣ್ಣ ಮೀನು ಸಿಕ್ಕಿಕೊಂಡು ಜಜ್ಜಿಹೋಗುತ್ತದೆ. ಅದಕ್ಕಾಗಿ ಮೊದಲ ಚೀಲವನ್ನು ಕಟ್ಟಿ, ತಲೆಕೆಳಗಾಗಿ ಎರಡನೆಯ ಚೀಲದೊಳಗೆ ಇಳಿಸುತ್ತಾರೆ. ಮೂಲೆಗಳು ಮಾಯವಾಗಿ ತಳ ದುಂಡಗಾಗುತ್ತದೆ. ಕಾರಿಡೋರಾಸ್, ಪ್ಲೆಕೋಗಳಂಥ ಮುಳ್ಳುಳ್ಳ ಮೀನುಗಳಿಗೆ ಎರಡು ಚೀಲ ಕಡ್ಡಾಯ. ಅವುಗಳ ಮುಳ್ಳು ಒಂದನ್ನು ಚುಚ್ಚಿದರೂ ಇನ್ನೊಂದು ನೀರು ಹಿಡಿದಿಡುತ್ತದೆ. ಒತ್ತಿ ಮುಚ್ಚುವ ಅಡುಗೆಮನೆಯ ಚೀಲಗಳನ್ನು ಮೀನಿಗೆ ಬಳಸಬಾರದೆಂದು ಎಷ್ಟೋ ಸಂಘಗಳ ನಿಯಮ. ಅವು ನಿಧಾನವಾಗಿ ಸೋರುತ್ತವೆ. ತಳದಲ್ಲಿ ಅಂದ ಕಾಣಲೆಂದು ಕಲ್ಲುಹರಳು ಹಾಕುವುದೂ ಬೇಡ. ಕಾರು ತಿರುವಿನಲ್ಲಿ ವಾಲಿದಾಗ ಆ ಹರಳೇ ಮೀನಿನ ಮೇಲೆ ಉರುಳುತ್ತದೆ.

ಗಿಡಗಳಿಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ಒದ್ದೆ ಕಾಗದದಲ್ಲಿ ಸುತ್ತಿ, ಚೀಲದಲ್ಲಿ ಗಾಳಿ ಬಿಟ್ಟು ಕಟ್ಟಿದರೆ ಸಾಕು. ನೀರಿನ ಭಾರದಿಂದ ಎಲೆ ಮುರಿಯುವುದೂ ತಪ್ಪುತ್ತದೆ. ಮೀನಿನ ಚೀಲದಲ್ಲಿ ಗಿಡ ಇಟ್ಟರೆ ಆಮ್ಲಜನಕ ಸಿಗುತ್ತದೆಂಬ ನಂಬಿಕೆ ಮಾತ್ರ ಹುಸಿ. ಮುಚ್ಚಿದ ಪೆಟ್ಟಿಗೆಯ ಕತ್ತಲಲ್ಲಿ ಗಿಡವೂ ಮೀನಿನಂತೆ ಆಮ್ಲಜನಕವನ್ನು ಬಳಸುತ್ತದೆಯೇ ಹೊರತು ಕೊಡುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಕೆಲವು ಚೀಲಗಳಲ್ಲಿ ನೀರೂ ಇಲ್ಲ, ಮೀನೂ ಇಲ್ಲ. ಕಂದು ಬಣ್ಣದ ತೇವದ ನಾರುಮಣ್ಣು ಮಾತ್ರ. ಆದರೂ ಜನ ಪೈಪೋಟಿಯಿಂದ ಕೂಗುತ್ತಾರೆ. ಅದು ಆಫ್ರಿಕದ ನೋತೋಬ್ರಾಂಕಿಯಸ್ ಎಂಬ ಕಿಲ್ಲಿ ಮೀನಿನ ಮೊಟ್ಟೆಗಳಿರುವ ಪೀಟ್. ಮಳೆಗಾಲದ ಹೊಂಡಗಳಲ್ಲಿ ಹುಟ್ಟಿ, ಹೊಂಡ ಒಣಗುವ ಮುನ್ನ ಮೊಟ್ಟೆಯಿಟ್ಟು ಸಾಯುವ ಮೀನು ಅದು. ಮೊಟ್ಟೆ ತಿಂಗಳುಗಟ್ಟಲೆ ತೇವದ ಮಣ್ಣಿನಲ್ಲಿ ಕಾದಿದ್ದು ನೀರು ಬಿದ್ದಾಗ ಒಡೆಯುತ್ತದೆ. ಹರಾಜಿನ ಇಡೀ ದಿನ ನಿಶ್ಚಿಂತೆಯಾಗಿ ಕುಳಿತಿರಬಲ್ಲ ಜೀವವೆಂದರೆ ಅದೊಂದೇ.

ಇನ್ನು ಉಷ್ಣತೆ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿಗಾಲ ಸೊನ್ನೆಗಿಂತ ಕೆಳಗೆ, ಬೇಸಿಗೆಯಲ್ಲಿ ನಿಲ್ಲಿಸಿದ ಕಾರು ಒಲೆಯಂತೆ. ಆದ್ದರಿಂದ ಹೆಚ್ಚಿನ ಹರಾಜುಗಳು ವಸಂತದಲ್ಲೋ ಶರತ್ಕಾಲದಲ್ಲೋ ನಡೆಯುತ್ತವೆ. ಅನುಭವಿಗಳು ಥರ್ಮೋಕೋಲ್ ಪೆಟ್ಟಿಗೆ ಹಿಡಿದೇ ಬರುತ್ತಾರೆ. ಅದಿಲ್ಲದೆ ಬಂದು ಹತ್ತು ಚೀಲ ಕೊಂಡವರು ಹಿಂದಿರುಗುವಾಗ ಪಡುವ ಪಾಡನ್ನು ಊಹಿಸಿಕೊಳ್ಳಿ.

ಚೀಟಿಯ ಮಾತು

ಪ್ರತಿ ಚೀಲದ ಮೇಲೂ ಒಂದು ಚೀಟಿ ಇರಬೇಕು. ಮೀನಿನ ಹೆಸರು, ಎಷ್ಟು ಮೀನು, ಗಂಡೆಷ್ಟು ಹೆಣ್ಣೆಷ್ಟು ಅಥವಾ ಮರಿಗಳೇ, ಮಾರುವವರ ಸಂಕೇತ ಸಂಖ್ಯೆ, ಚೀಲದ ಸಂಖ್ಯೆ. ಸಂಘಕ್ಕೆ ದಾನವಾಗಿ ಕೊಟ್ಟದ್ದಾದರೆ ಅದನ್ನೂ ನಮೂದಿಸಬೇಕು. ಅಕ್ಷರ ನೀರಿಗೆ ಕದಡದ ಶಾಯಿಯಲ್ಲಿರಬೇಕು. ಸಣ್ಣ ವಿಷಯವೆಂದು ತೋರುತ್ತದೆ. ಆದರೆ ನನ್ನ ಅಭಿಪ್ರಾಯದಲ್ಲಿ ಇಡೀ ಹರಾಜಿನ ಅತ್ಯಂತ ಬೆಲೆಬಾಳುವ ವಸ್ತು ಈ ಚೀಟಿಯೇ. ಹೇಗೆಂದು ಒಂದು ಉದಾಹರಣೆಯಿಂದ ವಿವರಿಸುತ್ತೇನೆ.

ಮೆಕ್ಸಿಕೊ ದೇಶದ ಹಾಲಿಸ್ಕೊ ರಾಜ್ಯದಲ್ಲಿ ಟೆಕೀಲಾ ಎಂಬ ಜ್ವಾಲಾಮುಖಿ ಬೆಟ್ಟವಿದೆ. ಅದರ ಬಳಿಯ ತೆಉಚಿತ್ಲಾನ್ ಎಂಬ ಪುಟ್ಟ ನದಿಯಲ್ಲಿ ಬೆರಳುದ್ದದ ಒಂದು ಮೀನಿತ್ತು. ಬಾಲದ ಅಂಚಿನಲ್ಲಿ ಕಿತ್ತಳೆ ಬಣ್ಣದ ಪಟ್ಟಿ. ಮೊಟ್ಟೆಯಿಡದೆ ಮರಿ ಹಾಕುವ ಜಾತಿ. ವಿಜ್ಞಾನಿಗಳು ಅದಕ್ಕೆ ಝೂಗೊನೆಟಿಕಸ್ ಟೆಕೀಲಾ ಎಂದು ಹೆಸರಿಟ್ಟು ವಿವರಿಸಿದ್ದು 1998ರಲ್ಲಿ. ಮಾಲಿನ್ಯ ಮತ್ತು ಹೊರಗಿನಿಂದ ಬಂದ ಮೀನುಗಳ ಕಾಟದಿಂದ ಅದು ತನ್ನ ನದಿಯಿಂದ ಕಣ್ಮರೆಯಾಯಿತು. ಆದರೆ ತೊಟ್ಟಿಗಳಲ್ಲಿ ಉಳಿದಿತ್ತು. ಅದೇ 1998ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಿಂದ ಐದು ಜೋಡಿ ಮೀನುಗಳು ಮೆಕ್ಸಿಕೊದ ಮಿಚೊವಕಾನಾ ವಿಶ್ವವಿದ್ಯಾನಿಲಯಕ್ಕೆ ಹೋದವು. ಆ ಹತ್ತು ಮೀನುಗಳ ಸಂತತಿಯನ್ನು ವರ್ಷಗಟ್ಟಲೆ ಬೆಳೆಸಿ, 40 ಗಂಡು 40 ಹೆಣ್ಣುಗಳನ್ನು ಕೊಳಗಳಿಗೆ ಬಿಟ್ಟು, ಅವು ಹತ್ತು ಸಾವಿರದಷ್ಟಾದ ಮೇಲೆ 1,500ಕ್ಕೂ ಹೆಚ್ಚು ಮೀನುಗಳನ್ನು ಮರಳಿ ನದಿಗೆ ಬಿಟ್ಟರು. ಈಗ ಅವು ಅಲ್ಲಿ ಸಂತಾನಾಭಿವೃದ್ಧಿ ಮಾಡುತ್ತಿವೆ.

ಇದೇ ಮೀನಿಗೆ ನೋಟದಲ್ಲಿ ಬಹಳ ಹತ್ತಿರದ ಬಂಧು ಒಂದಿದೆ, ಝೂಗೊನೆಟಿಕಸ್ ಕ್ವಿಟ್ಜಿಯೊಎನ್ಸಿಸ್. ತೊಟ್ಟಿಯಿಂದ ತೊಟ್ಟಿಗೆ ಹೋಗುವ ದಾರಿಯಲ್ಲಿ ಯಾರೋ ಒಬ್ಬರು ಎರಡನ್ನೂ ಒಟ್ಟಿಗೆ ಬಿಟ್ಟು, ಹುಟ್ಟಿದ ಬೆರಕೆ ಮರಿಗಳನ್ನು ಒಂದೇ ಹೆಸರಿನಲ್ಲಿ ಮಾರಿದರೆಂದು ಊಹಿಸಿ. ಆ ಮರಿಗಳ ಸಂತತಿಯನ್ನು ಯಾವ ವಿಜ್ಞಾನಿಯೂ ನದಿಗೆ ಬಿಡಲಾರ. ಮೀನು ಬದುಕಿದೆ, ಜಾತಿ ಹೋಯಿತು. ಗುಡೀಡ್, ಕಿಲ್ಲಿ ಮೀನುಗಳ ಚೀಟಿಯಲ್ಲಿ ಅನೇಕರು ಮೂಲ ಮೀನು ಯಾವ ಹೊಳೆಯಿಂದ ಬಂತೆಂಬ ಸಂಕೇತವನ್ನೂ ಬರೆಯುವುದು ಇದಕ್ಕಾಗಿ. ಬೆರಕೆ ತಳಿಗಳನ್ನು, ಕೃತಕ ಬಣ್ಣ ಚುಚ್ಚಿದ ಮೀನುಗಳನ್ನು ಹರಾಜಿಗೇ ಸೇರಿಸದ ಸಂಘಗಳಿವೆ. ಹೆಸರು ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದೇ ಬರೆಯಬೇಕು. ಅಂದಾಜಿನ ಹೆಸರಿಗಿಂತ ಅದು ಎಷ್ಟೋ ಮೇಲು.

ಚೀಟಿಯಲ್ಲಿ ಬರೆಯುವ ಕೆಲವು ಹೆಸರುಗಳು ನಮಗೆ ನೆರೆಹೊರೆಯವು. ಕೆಂಪು ಎಲೆಯ ರೋಟಾಲ ಮ್ಯಾಕ್ರಾಂಡ್ರ ದಕ್ಷಿಣ ಭಾರತದ ಜವುಗಿನ ಗಿಡ. ಕಣ್ಣಿನಿಂದ ಹಿಂದಕ್ಕೆ ಕೆಂಪು ಗೆರೆ ಎಳೆದಂತಿರುವ ಡೆನಿಸನ್ ಬಾರ್ಬ್ ಪಶ್ಚಿಮ ಘಟ್ಟದ ಹೊಳೆಗಳದು. ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದೂ ಹಿಡಿದೂ ಅಪಾಯದ ಅಂಚಿಗೆ ಬಂದ ಮೀನುಗಳ ಪಟ್ಟಿಗೆ ಸೇರಿದೆ. ತೊಟ್ಟಿಯಲ್ಲಿ ಹುಟ್ಟಿದ ಒಂದೊಂದು ಚೀಲ ಮಾರಾಟವಾದಾಗ ಹೊಳೆಯಿಂದ ಹಿಡಿಯುವ ಬೇಡಿಕೆ ಅಷ್ಟು ತಗ್ಗುತ್ತದೆ.

ಮೇಜಿಗೆ ಬರಬಾರದ ನಮ್ಮ ಜೀವಿಗಳೂ ಇವೆ. ಪಿಯುಸಿ ಪ್ರಯೋಗಾಲಯದಲ್ಲಿ ಆಲಿಕೆಯ ಕೆಳಗೆ ಗುಳ್ಳೆ ಬಿಡುತ್ತಿದ್ದ ಹೈಡ್ರಿಲ್ಲ ನಿಮಗೆ ನೆನಪಿರಬಹುದು. 1950ರ ದಶಕದಲ್ಲಿ ಅಕ್ವೇರಿಯಂ ಗಿಡವಾಗಿ ಫ್ಲಾರಿಡಾಕ್ಕೆ ಹೋದ ಅದು ಅಲ್ಲಿನ ಕೆರೆ ಕಾಲುವೆಗಳನ್ನು ಕಟ್ಟಿಹಾಕಿತು. ಇಂದು ಅದು ಆ ದೇಶದ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿದೆ. ನಾವು ಕೊರವ ಎನ್ನುವ ಹಾವುತಲೆ ಮೀನಿನ ಇಡೀ ಕುಟುಂಬವನ್ನೇ 2002ರಿಂದ ಅಮೆರಿಕಕ್ಕೆ ತರುವಂತಿಲ್ಲ. ಗೊತ್ತಿಲ್ಲದೆ ಬರುವ ಅತಿಥಿಗಳದ್ದು ಇನ್ನೂ ದೊಡ್ಡ ಸಮಸ್ಯೆ. 2021ರಲ್ಲಿ ಸಿಯಾಟಲ್ ನಗರದ ಅಂಗಡಿಯೊಂದರಲ್ಲಿ ಪಾಚಿಯ ಹಸಿರು ಉಂಡೆಗಳೊಳಗೆ ಝೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಕಂಡುಬಂತು. ಕೊಳವೆ, ಅಣೆಕಟ್ಟುಗಳಿಗೆ ಅಂಟಿ ಬೆಳೆದು ಕೋಟ್ಯಂತರ ಡಾಲರ್ ನಷ್ಟ ಮಾಡುವ ಜೀವಿ ಅದು. ಹುಡುಕಿದಾಗ ಇನ್ನೂ ಹಲವು ರಾಜ್ಯಗಳ ಅಂಗಡಿಗಳಲ್ಲಿ ಸಿಕ್ಕಿತು. ಹೀಗಾಗಿ ನಿಷೇಧಿತ ಪಟ್ಟಿ ಹಿಡಿದ ಒಬ್ಬ ಬಲ್ಲವರನ್ನು ನೋಂದಣಿ ಮೇಜಿನ ಬಳಿ ಕೂರಿಸುವುದು ಸಂಘದ ಕರ್ತವ್ಯ. ಬೆಳಕು ಬಿದ್ದರೆ ಹೊಳೆಯುವ ಗ್ಲೋಫಿಶ್ ಎಂಬ ಕುಲಾಂತರಿ ಮೀನಿನ ಮರಿಗಳನ್ನು ಮಾರುವುದಕ್ಕೂ ಅದರ ಮಾಲೀಕ ಕಂಪನಿಯ ಪರವಾನಗಿ ಷರತ್ತು ಅಡ್ಡಿ ಬರುತ್ತದೆ; ಅದನ್ನೂ ಅವರೇ ನೋಡಿಕೊಳ್ಳಬೇಕು.

ಕೂಗುವವರು, ಓಡುವವರು, ಬರೆಯುವವರು

ಸಭಾಂಗಣ ಚರ್ಚಿನದೋ, ಶಾಲೆಯದೋ, ಮಾಜಿ ಸೈನಿಕರ ಸಂಘದ್ದೋ ಆಗಿರುತ್ತದೆ. ಕೊಳ್ಳಲು ಬಂದವರು ಹೆಸರು ನೋಂದಾಯಿಸಿ ದೊಡ್ಡ ಅಂಕಿಯ ಫಲಕ ಪಡೆಯುತ್ತಾರೆ. ಹರಾಜಿಗೆ ಮುನ್ನ ಗಂಟೆ ಒಂದೂವರೆ ಗಂಟೆ ಎಲ್ಲರೂ ಮೇಜುಗಳ ಸುತ್ತ ಓಡಾಡಿ ಚೀಲಗಳನ್ನು ನೋಡಬಹುದು, ಬೇಕಾದದ್ದನ್ನು ಗುರುತು ಹಾಕಿಕೊಳ್ಳಬಹುದು. ಚೀಲ ಎತ್ತಿ ಅಲ್ಲಾಡಿಸುವಂತಿಲ್ಲ, ಬಿಚ್ಚುವಂತಂತೂ ಇಲ್ಲವೇ ಇಲ್ಲ.

ಈಗ ವೇಗದ ಲೆಕ್ಕ. 600 ಚೀಲ ಬಂದಿವೆ ಎಂದಿಟ್ಟುಕೊಳ್ಳಿ. ಗಂಟೆಗೆ 100 ಮಾರಿದರೆ ಆರು ಗಂಟೆ ಬೇಕು. ಅಂದರೆ ಒಂದು ಚೀಲಕ್ಕೆ 36 ಸೆಕೆಂಡು. ಹೆಸರು ಹೇಳಿ, ತೋರಿಸಿ, ಕೂಗಿಸಿ, ಬೆಲೆ ನಿಲ್ಲಿಸಿ, ಬರೆದುಕೊಂಡು, ತಲುಪಿಸುವುದಕ್ಕೆಲ್ಲ ಅಷ್ಟೇ ಸಮಯ. ಟೆಲಿವಿಷನ್ ಕೆಲಸದಲ್ಲಿ 36 ಸೆಕೆಂಡು ಎಷ್ಟು ದೀರ್ಘ, ಎಷ್ಟು ಚಿಕ್ಕದು ಎರಡೂ ನಮಗೆ ಗೊತ್ತು. ಪರದೆಯ ಮೇಲೆ ಕಾಣುವ ಒಬ್ಬ ವ್ಯಕ್ತಿಯ ಮಾತು ಸರಾಗವಾಗಿ ಹರಿಯಬೇಕಾದರೆ ಕಾಣದ ಹತ್ತು ಮಂದಿ ಸರಿಯಾದ ಕ್ಷಣದಲ್ಲಿ ಸರಿಯಾದ ವಸ್ತುವನ್ನು ಕೈಗೆ ಕೊಡುತ್ತಿರಬೇಕು. ಇಲ್ಲಿಯೂ ಹಾಗೆಯೇ. ಕೂಗುವವರ ಕೈಯಲ್ಲಿ ಒಂದು ಚೀಲವಿದ್ದಾಗ ಮುಂದಿನ ಮೂರು ಸಾಲಾಗಿ ಸಿದ್ಧವಿರಬೇಕು. ಮಾರಾಟವಾದದ್ದನ್ನು ಸ್ವಯಂಸೇವಕರು ಸಾಲುಗಳ ನಡುವೆ ಓಡಿ ಕೊಂಡವರ ಕೈಗಿಡಬೇಕು. ಕೂಗುವವರನ್ನು ಒಂದೊಂದು ಗಂಟೆಗೆ ಬದಲಿಸಬೇಕು. ಗಂಟಲಿಗೂ ಮಿತಿಯಿದೆ, ಹಾಸ್ಯಕ್ಕೂ ಮಿತಿಯಿದೆ. ಒಂದು ಜೋಕಿಗೆ ಇಪ್ಪತ್ತು ಸೆಕೆಂಡು ತೆಗೆದುಕೊಳ್ಳುವ ಹರಾಜುಗಾರ ಸಂಜೆಯ ಹೊತ್ತಿಗೆ ಸಂಘಕ್ಕೆ ಎರಡು ಗಂಟೆ ನಷ್ಟ ಮಾಡಿರುತ್ತಾನೆ, ಮೀನಿಗೂ.

ಬೆಲೆ ಏರುವುದು ಕೂಗುವವರ ಮಾತುಗಾರಿಕೆಯಿಂದ ಎಂಬುದು ಸಾಮಾನ್ಯ ನಂಬಿಕೆ. ಅರ್ಥಶಾಸ್ತ್ರ ಹೇಳುವುದು ಬೇರೆ. ಏರುತ್ತ ಹೋಗುವ ಹರಾಜಿನಲ್ಲಿ ಗೆದ್ದವರು ಕೊಡುವುದು ಎರಡನೆಯವರು ಕೈಬಿಟ್ಟ ಬೆಲೆಗಿಂತ ಒಂದು ಮೆಟ್ಟಿಲು ಹೆಚ್ಚು ಮಾತ್ರ. ಇದನ್ನು ತರ್ಕಬದ್ಧವಾಗಿ ವಿವರಿಸಿದವರು ವಿಲಿಯಂ ವಿಕ್ರಿ, 1961ರಲ್ಲಿ. ಅವರಿಗೆ ನೊಬೆಲ್ ಬಹುಮಾನ ಪ್ರಕಟವಾದದ್ದು 1996ರಲ್ಲಿ. ಪ್ರಕಟವಾದ ಮೂರೇ ದಿನಕ್ಕೆ ತೀರಿಕೊಂಡರು. ಅವರ ವಾದವನ್ನು ನಮ್ಮ ಮೀನಿಗೆ ಅನ್ವಯಿಸಿ ನೋಡಿ. ಅಪರೂಪದ ಮೀನೊಂದಕ್ಕೆ 60 ಡಾಲರ್ ಕೊಡಲು ಒಬ್ಬರು ಸಿದ್ಧರಿದ್ದಾರೆ. ಆದರೆ ಅದರ ಬೆಲೆ ಬಲ್ಲ ಇನ್ನೊಬ್ಬರು ಸಭೆಯಲ್ಲಿಲ್ಲದಿದ್ದರೆ ಅದು 5 ಡಾಲರಿಗೇ ಹೋಗುತ್ತದೆ. ಆದ್ದರಿಂದ ಹಣ ಬೇಕಾದ ಸಂಘ ಗಟ್ಟಿ ಗಂಟಲನ್ನು ಹುಡುಕುವ ಬದಲು, ಯಾವ ಮೀನು ಬರುತ್ತದೆಂಬ ಪಟ್ಟಿಯನ್ನು ಮೂರು ವಾರ ಮೊದಲೇ ಅಕ್ಕಪಕ್ಕದ ಸಂಘಗಳಿಗೆ ಕಳಿಸುವುದು ಲೇಸು.

ಚೀಲಗಳ ಸರದಿಯೂ ಮುಖ್ಯ. ಒಂದೇ ಬಗೆಯ ವಸ್ತುವನ್ನು ಒಂದರ ಹಿಂದೊಂದು ಹರಾಜು ಹಾಕಿದರೆ ಹಿಂದಿನದಕ್ಕಿಂತ ಮುಂದಿನದರ ಬೆಲೆ ಇಳಿಯುವ ಸಂಭವವೇ ಹೆಚ್ಚೆಂದು ಆರ್ಲೆ ಆಶೆನ್‌ಫೆಲ್ಟರ್ ಎಂಬ ಅರ್ಥಶಾಸ್ತ್ರಜ್ಞರು 1989ರಲ್ಲಿ ದ್ರಾಕ್ಷಾರಸದ ಹರಾಜುಗಳನ್ನು ಪರಿಶೀಲಿಸಿ ತೋರಿಸಿದರು. ಹನ್ನೆರಡು ಚೀಲ ಗಪ್ಪಿ ಬಂದಿದ್ದರೆ ಅವನ್ನು ದಿನದ ಉದ್ದಕ್ಕೂ ಚದುರಿಸಬೇಕು. ಮೀನು, ಗಿಡ, ಹಳೆಯ ಫಿಲ್ಟರು, ದೀಪ ಇವನ್ನು ಬೆರೆಸುತ್ತ ಹೋಗಬೇಕು. ಉತ್ತಮವಾದದ್ದೆಲ್ಲ ಬೆಳಿಗ್ಗೆಯೇ ಮುಗಿದರೆ ಮಧ್ಯಾಹ್ನದ ಊಟದ ನಂತರ ಅರ್ಧ ಸಭಾಂಗಣ ಖಾಲಿ. ಎಲ್ಲವನ್ನೂ ಕೊನೆಗಿಟ್ಟರೆ ದೂರದ ಊರಿನವರು ಕಾಯದೆ ಹೊರಡುತ್ತಾರೆ. ಕೆಲವು ಸಂಘಗಳಲ್ಲಿ ಮಾರುವವರು ಒಂದೆರಡು ಚೀಲಗಳಿಗೆ ಬಣ್ಣದ ಚುಕ್ಕೆ ಅಂಟಿಸಿ ಮೊದಲ ಸರದಿ ಪಡೆಯಬಹುದು. ಎಲ್ಲಕ್ಕೂ ಚುಕ್ಕೆ ಕೊಟ್ಟರೆ ಚುಕ್ಕೆಗೆ ಅರ್ಥವಿಲ್ಲ. ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಬೇಕು.

ಹಣದ ಲೆಕ್ಕ ಕಷ್ಟದ್ದಲ್ಲ, ಆದರೆ ತಪ್ಪಿದರೆ ಸಂಘ ಒಡೆಯುತ್ತದೆ. ಸಾಮಾನ್ಯವಾಗಿ ಮಾರಿದವರಿಗೆ ಅರ್ಧದಿಂದ ಶೇಕಡ 70ರವರೆಗೆ, ಉಳಿದದ್ದು ಸಂಘಕ್ಕೆ. ಮೇಲಿನ 600 ಚೀಲಗಳು ಸರಾಸರಿ 8 ಡಾಲರಿಗೆ ಹೋದರೆ ಒಟ್ಟು 4,800. ಅದರಲ್ಲಿ 100 ಚೀಲ ಪೂರ್ತಿ ದಾನದವಾದರೆ 800 ಡಾಲರ್ ನೇರ ಸಂಘಕ್ಕೆ. ಉಳಿದ 4,000ದಲ್ಲಿ ಶೇಕಡ 30, ಅಂದರೆ 1,200. ಸಂಘಕ್ಕೆ ಒಟ್ಟು 2,000, ಮಾರಿದವರಿಗೆ 2,800. ಕೊಂಡವರ ರಸೀದಿಗಳ ಮೊತ್ತ ಈ ಎರಡರ ಮೊತ್ತಕ್ಕೆ ಸರಿಯಾಗಿ ತಾಳೆಯಾಗಬೇಕು. ತಾಳೆಯಾಗುವವರೆಗೆ ಖಜಾಂಚಿ ಕುರ್ಚಿ ಬಿಟ್ಟು ಏಳಬಾರದು. ಇಂದು ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಸಂಘಗಳೇ ಹೆಚ್ಚು. ಆದರೂ ಚೀಲದ ಸಂಖ್ಯೆ, ಬೆಲೆ, ಕೊಂಡವರ ಸಂಖ್ಯೆ ಈ ಮೂರನ್ನು ಇಬ್ಬರು ಬೇರೆ ಬೇರೆಯಾಗಿ ಬರೆದುಕೊಳ್ಳುವ ಹಳೆಯ ಪದ್ಧತಿ ಒಳ್ಳೆಯದು. ಸಂಜೆ ಐದಕ್ಕೆ ನೂರು ಜನ ಸಾಲಿನಲ್ಲಿ ನಿಂತಾಗ, ಒಬ್ಬರು "ಈ ಚೀಲ ನಾನು ಕೊಂಡದ್ದಲ್ಲ" ಎಂದರೆ ತೀರ್ಮಾನಿಸಲು ಎರಡನೆಯ ಪುಸ್ತಕ ಬೇಕು. ಸಾಲು ನಿಂತಷ್ಟು ಹೊತ್ತೂ ಎಲ್ಲರ ಕೈಯಲ್ಲಿ ಮೀನಿರುತ್ತದೆಂಬುದನ್ನು ಮರೆಯದಿರಿ.

ಯಾರೂ ಕೇಳದ ಚೀಲಗಳೂ ಇರುತ್ತವೆ. ಎರಡು ಮೂರನ್ನು ಸೇರಿಸಿ ಒಂದೇ ಬೆಲೆಗೆ ಕೂಗುತ್ತಾರೆ. ಆಗಲೂ ಹೋಗದಿದ್ದರೆ ತಂದವರೇ ಹಿಂದಕ್ಕೆ ಒಯ್ಯಬೇಕು. ಬೇಡವಾದ ಮೀನನ್ನು ಹತ್ತಿರದ ಕೆರೆಗೆ ಬಿಟ್ಟು ಹೋಗುವುದಂತೂ ಕೂಡದು. ಅದು ಅಲ್ಲಿಗೂ ಇಲ್ಲಿಗೂ ಸಲ್ಲುವ ಮಾತು.

ಮನೆಗೆ ಬಂದ ಮೇಲೆ ಚೀಲ ಬಿಚ್ಚುವ ವಿಷಯ ಉಳಿಯಿತು. ದಿನವಿಡೀ ಮೀನು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಅದನ್ನು ಆಮ್ಲೀಯವಾಗಿಸಿರುತ್ತದೆ. ಇದರಿಂದ ಒಂದು ಉಪಕಾರವಾಗಿದೆ. ಆಮ್ಲೀಯ ನೀರಿನಲ್ಲಿ ಅಮೋನಿಯಾ ಬಹುಮಟ್ಟಿಗೆ ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ಕಡಿಮೆ. ಚೀಲ ಬಿಚ್ಚಿದೊಡನೆ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರತೊಡಗುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ಶೇಕಡ ಅರ್ಧದಷ್ಟು ಮಾತ್ರ ವಿಷರೂಪದಲ್ಲಿದ್ದರೆ, 8ಕ್ಕೆ ಏರಿದಾಗ ಶೇಕಡ 5ಕ್ಕಿಂತ ಹೆಚ್ಚು, ಸುಮಾರು ಹತ್ತು ಪಟ್ಟು. ಬಿಚ್ಚಿದ ಚೀಲವನ್ನು ಗಂಟೆಗಟ್ಟಲೆ ತೊಟ್ಟಿಯಲ್ಲಿ ತೇಲಿಬಿಟ್ಟು ಹನಿಹನಿಯಾಗಿ ನೀರು ಬೆರೆಸುವ ರೂಢಿ ಕೆಲವರದು. ದಿನವಿಡೀ ಚೀಲದಲ್ಲಿದ್ದ ಮೀನಿಗೆ ಅದು ಹಿತವಲ್ಲವೆಂದೇ ನನ್ನ ತಿಳುವಳಿಕೆ. ಕಟ್ಟಿದ ಚೀಲವನ್ನೇ ಹದಿನೈದು ಇಪ್ಪತ್ತು ನಿಮಿಷ ತೇಲಿಸಿ ಉಷ್ಣತೆ ಸಮವಾಗಲು ಬಿಡಿ. ಅನಂತರ ಬಿಚ್ಚಿ, ಬಲೆಯಿಂದ ಮೀನನ್ನು ಎತ್ತಿ ತೊಟ್ಟಿಗೆ ಬಿಡಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ. ಸಾಧ್ಯವಿದ್ದರೆ ಮೊದಲ ಕೆಲವು ವಾರ ಹೊಸ ಮೀನು ಪ್ರತ್ಯೇಕ ತೊಟ್ಟಿಯಲ್ಲಿರಲಿ, ರೋಗವಿದ್ದರೆ ಅಲ್ಲೇ ತಿಳಿಯುತ್ತದೆ. ಗಿಡಗಳನ್ನು ತೊಳೆದು ಬಸವನಹುಳುವಿನ ಮೊಟ್ಟೆಗಳಿವೆಯೇ ಎಂದು ಎಲೆಯ ಅಡಿಭಾಗ ನೋಡಿ. ಚೀಲದ ಮೇಲಿದ್ದ ಚೀಟಿಯನ್ನು ಬಿಡಿಸಿ ತೊಟ್ಟಿಯ ಗಾಜಿಗೆ ಅಂಟಿಸಿಡಿ. ಮುಂದಿನ ವರ್ಷ ಮರಿಗಳನ್ನು ಹರಾಜಿಗೆ ಒಯ್ಯುವಾಗ ಅದೇ ಹೆಸರನ್ನು ನೋಡಿ ಬರೆಯಬಹುದು.